ಎಲ್ಲಿ ಮುಗೀತು, ತೋರಿಸಿ ಅತ್ತೆ

ಅಳಿಯನ ಅಟ್ಟಕ್ಕೆ ಸಂಚಕಾರ ಬಂದದ್ದು ದಿಂಬಿನ ಕವರುಗಳಿಂದ. ನಗಬೇಡಿ, ನಿಜವಾದ ಮಾತು. ಅತ್ತೆಯ ಲಾಂಡ್ರಿಗೆ ಹೊಸದಾಗಿ ಒಂದು ದೊಡ್ಡ ಹೋಟೆಲಿನ ಕೆಲಸ ಸಿಕ್ಕಿತ್ತು. ಆ ಹೋಟೆಲಿನವರು ಒಂದೊಂದು ಮಂಚಕ್ಕೆ ಅದೆಷ್ಟು ದಿಂಬು ಪೇರಿಸುತ್ತಿದ್ದರೋ, ಮಲಗುವವರಿಗೆ ಜಾಗ ಎಲ್ಲಿ ಬಿಡುತ್ತಿದ್ದರೋ, ಅವರಿಗೇ ಗೊತ್ತು. ಒಗೆದು, ಇಸ್ತ್ರಿ ಮಾಡಿ, ಮಡಿಸಿಟ್ಟ ಕವರುಗಳ ಕಟ್ಟುಗಳು ಕಪಾಟು ತುಂಬಿದವು, ಮೇಜು ತುಂಬಿದವು, ಕೊನೆಗೆ ಅತ್ತೆ ಕೂರುವ ಕುರ್ಚಿಯನ್ನೂ ಹಿಡಿದವು. ಕೂರಲು ಜಾಗವಿಲ್ಲದೆ ನಿಂತ ಅತ್ತೆ ತಲೆಯೆತ್ತಿ ನೋಡಿದರು. ಮೇಲೆ ಅಟ್ಟ ಕಾಣಿಸಿತು.

"ಅಳಿಯಂದ್ರೇ, ಸೋಮವಾರದಿಂದ ಆ ಅಟ್ಟ ನನಗೆ ಬೇಕು. ನಿಮ್ಮ ತಿರುಗೋ ತಟ್ಟೆಗಳನ್ನೆಲ್ಲ ಎತ್ತಿಬಿಡಿ."

ಅತ್ತೆ ಅಳಿಯನನ್ನು ಬೈಯುವಾಗಲೂ ಬಹುವಚನ ಬಿಟ್ಟವರಲ್ಲ. ಮರ್ಯಾದೆ ಕೊಟ್ಟು ಬೈದರೆ ಎದುರಿಗಿದ್ದವರು ತಿರುಗಿ ಮಾತಾಡುವುದಿಲ್ಲ ಎಂಬುದು ಅವರು ಕಂಡುಕೊಂಡ ಉಪಾಯ.

ಲಾಂಡ್ರಿಯಲ್ಲಿ ಅಳಿಯನ ಕೆಲಸ ಕಲೆ ತೆಗೆಯುವುದು. ಕಾಫಿ, ವೈನು, ಲಿಪ್‌ಸ್ಟಿಕ್ಕು, ರಕ್ತ, ಇನ್ನೂ ಹೇಳಬಾರದಂಥವು. ಬಾಟಲಿಗಳ ಸಾಲಿನ ಮುಂದೆ ಬ್ರಷ್ಷು ಹಿಡಿದು ಕೂತರೆ ಅವನ ದಿನ ಕಳೆಯುತ್ತಿತ್ತು. ಕೆಲಸ ಮುಗಿದ ಮೇಲೆ ಏಣಿ ಹತ್ತಿ ಅಟ್ಟ ಸೇರುತ್ತಿದ್ದ. ಕೆಳಗಿನ ಡ್ರೈಯರುಗಳ ಬಿಸಿಗೆ ಅಟ್ಟ ಯಾವಾಗಲೂ ಬೆಚ್ಚಗೆ. ಅಲ್ಲಿ ಒಂದು ಮೇಜು, ಮೇಜಿನ ಮೇಲೆ ಹಾಡಿನ ತಟ್ಟೆ ತಿರುಗಿಸುವ ಎರಡು ಡೆಕ್ಕು, ನಡುವೆ ಹಾಡು ಬೆರೆಸುವ ಮಿಕ್ಸರು, ಕಿವಿಗೆ ಹೆಡ್‌ಫೋನು. ಒಂದು ಹಾಡು ಮುಗಿಯುವ ಮೊದಲೇ ಇನ್ನೊಂದನ್ನು ಅದರ ಅಡಿಗೆ ಮೆಲ್ಲಗೆ ನುಸುಳಿಸಿ, ಎರಡರ ತಾಳವನ್ನೂ ಒಂದು ಮಾಡಿ, ಹಳೆಯದು ಹೋದದ್ದೂ ಹೊಸದು ಬಂದದ್ದೂ ಗೊತ್ತಾಗದಂತೆ ದಾಟಿಸುವ ವಿದ್ಯೆಯನ್ನು ಅವನು ಅಲ್ಲಿ ಕೂತು ಕಲಿತ. ಹಾಗೆ ಕಲಿತು ಕಲಿತು ಒಂದು ಪೂರ್ತಿ ಆಲ್ಬಮ್ಮನ್ನೇ ಮಾಡಿದ. ಮೊದಲರ್ಧ ಪ್ರೋಗ್ರೆಸಿವ್ ಹೌಸ್, ಉಳಿದರ್ಧ ಟ್ರಾನ್ಸ್, ಎರಡೂ ಒಂದೇ ಸಮನೆ ತಾಳ ಬಡಿಯುವ ಕುಣಿತದ ಸಂಗೀತ. ಶುರುವಾದರೆ ಕೊನೆಯವರೆಗೆ ಎಲ್ಲೂ ನಿಲ್ಲುವುದಿಲ್ಲ.

ನಿಲ್ಲುವುದಿಲ್ಲ, ಸರಿ. ಆದರೆ ಅದನ್ನು ಕೊನೆಯವರೆಗೆ ಕೇಳಿದ ಪುಣ್ಯಾತ್ಮರು ಯಾರೂ ಇರಲಿಲ್ಲ. ಹೆಂಡತಿ ವ್ಯಾನ್ ಓಡಿಸುವಾಗ ಹಾಕಿಕೊಳ್ಳುತ್ತಿದ್ದಳು, ಪಾಪ. ಎರಡನೇ ಹಾಡಿಗೆ ಬರುವಷ್ಟರಲ್ಲಿ ಮೊದಲನೇ ಹೋಟೆಲು ಬರುತ್ತಿತ್ತು, ಇಳಿದು ಬಟ್ಟೆ ಕೊಟ್ಟು ಬಂದು ಮತ್ತೆ ಮೊದಲಿಂದ ಹಾಕುತ್ತಿದ್ದಳು. "ಚೆನ್ನಾಗಿದೆ ರೀ" ಅನ್ನುತ್ತಿದ್ದಳು. ಗಂಡ "ಯಾವುದು ಚೆನ್ನಾಗಿದೆ?" ಅಂತ ಕೇಳಿದರೆ "ಎಲ್ಲಾನೂ" ಅನ್ನುತ್ತಿದ್ದಳು. ಅತ್ತೆಯಂತೂ ಒಮ್ಮೆ ಎರಡು ನಿಮಿಷ ಕೇಳಿ, "ಇದು ಯಾವಾಗ ಶುರುವಾಗುತ್ತೆ?" ಎಂದು ಕೇಳಿ ಎದ್ದುಹೋಗಿದ್ದರು. ಆ ಮಾತು ಅಳಿಯನ ಎದೆಯಲ್ಲಿ ಮುಳ್ಳಿನ ಹಾಗೆ ಮುರಿದುಕೊಂಡು ಕೂತಿತ್ತು.

ಈಗ ಅಟ್ಟವೂ ಹೋದರೆ ಮೇಜಿಗೆ ಜಾಗವಿಲ್ಲ. ಮನೆಯೋ, ಇಬ್ಬರು ಎದುರುಬದುರು ಬಂದರೆ ಒಬ್ಬರು ಹಿಂದೆ ಸರಿಯಬೇಕಾದಷ್ಟು ದೊಡ್ಡದು. ಮೇಜು ಹೋದರೆ ಹಾಡು ಹೋಯಿತು. ಆಮೇಲೆ ಉಳಿಯುವುದು ಕಲೆ ತೆಗೆಯುವ ಬ್ರಷ್ಷು ಒಂದೇ. ಶುಕ್ರವಾರವಿಡೀ ಅವನಿಗೆ ಊಟ ಸೇರಲಿಲ್ಲ.

ಶನಿವಾರ ಬೆಳಿಗ್ಗೆ ಹಲ್ಲುಜ್ಜುತ್ತಿರುವಾಗ ಅವನಿಗೊಂದು ತುಂಟ ಯೋಚನೆ ಬಂತು. ಬಾಯಲ್ಲಿ ನೊರೆ ಇಟ್ಟುಕೊಂಡೇ ನಕ್ಕ.

ಆ ಲಾಂಡ್ರಿಯಲ್ಲಿ ಒಂದು ಕಟ್ಟಳೆ ಇತ್ತು. ಮಧ್ಯಾಹ್ನ ಊಟವಾದ ಮೇಲೆ ಇಸ್ತ್ರಿ ರೂಮಿನಲ್ಲಿ ಎಲ್ಲರೂ ಕೂತು ಒಂದು ಹಾಡು ಕೇಳಬೇಕು. ಹಾಡು ಮುಗಿಯುವವರೆಗೆ ವಿಶ್ರಾಂತಿ, ಮುಗಿದ ತಕ್ಷಣ ಕೆಲಸ. ದಿನಕ್ಕೊಬ್ಬರು ಸರದಿಯ ಮೇಲೆ ಹಾಡು ಆರಿಸಬೇಕು. ಮಾವ ಬದುಕಿದ್ದಾಗ ಸೀಟಿ ಊದುತ್ತಿದ್ದರಂತೆ. ಅವರು ಹೋದ ಮೇಲೆ ಅತ್ತೆ ಮೊದಲು ಮಾಡಿದ ಕೆಲಸವೇ ಸೀಟಿಯನ್ನು ಕಸಕ್ಕೆ ಹಾಕಿದ್ದು. "ಸೀಟಿ ಊದೋಕೆ ಇವರೇನು ದನಾನಾ?" ಅಂದಿದ್ದರು. ಒಮ್ಮೆ ಬಾಯ್ಲರ್ ನೋಡಿಕೊಳ್ಳುವ ಹಬೆಯಣ್ಣ ಅರ್ಜೆಂಟು ಅಂತ ಹಾಡನ್ನು ಅರ್ಧಕ್ಕೆ ನಿಲ್ಲಿಸಿದ್ದಕ್ಕೆ ಅತ್ತೆ ಅವನ ಗ್ರಹಚಾರ ಬಿಡಿಸಿದ್ದರು. ಶುರುವಾದ ಹಾಡು ಮುಗಿಯಲೇಬೇಕು, ಮುಗಿಯುವವರೆಗೆ ಯಾರೂ ಬಟ್ಟೆ ಮುಟ್ಟಬಾರದು. ಅತ್ತೆಗೆ ಈ ಕಟ್ಟಳೆಯ ಬಗ್ಗೆ ಎಷ್ಟು ಹೆಮ್ಮೆ ಎಂದರೆ, ಬಂದು ಹೋಗುವವರ ಮುಂದೆಲ್ಲ ಹೇಳಿಕೊಳ್ಳುತ್ತಿದ್ದರು.

ಆ ಶನಿವಾರ ಅಳಿಯನ ಸರದಿ.

ಊಟದ ಡಬ್ಬಿಗಳು ಮುಚ್ಚಿದವು. ಯಂತ್ರಗಳು ನಿಂತವು. ಇಸ್ತ್ರಿ ಅಕ್ಕ ದೊಡ್ಡ ರೋಲರಿನ ಪಕ್ಕದ ಸ್ಟೂಲಿನ ಮೇಲೆ ಕಾಲು ಚಾಚಿ ಕೂತಳು. ಆ ಲಾಂಡ್ರಿಯಲ್ಲಿ ಅತ್ತೆಗೆ ಎದುರು ಮಾತಾಡುವ ಧೈರ್ಯವಿದ್ದವಳು ಅವಳೊಬ್ಬಳೇ. ಹಬೆಯಣ್ಣ ಖಾಲಿ ಟ್ರಾಲಿಯೊಳಗೆ ಇಳಿದು ಮುದುರಿಕೊಂಡ. ಮಡಿಸುವ ಹೆಂಗಸರು ಗೋಡೆಗೊರಗಿದರು. ವ್ಯಾನಿಗೆ ಸರಕು ತುಂಬಲು ಬಂದಿದ್ದ ಅಳಿಯನ ಹೆಂಡತಿಯೂ ಬಾಗಿಲ ಬಳಿ ಕೂತಳು. ಅತ್ತೆ ದಿಂಬಿನ ಕವರುಗಳನ್ನು ಪಕ್ಕಕ್ಕೆ ಸರಿಸಿ ಕುರ್ಚಿಯಲ್ಲಿ ನೆಟ್ಟಗೆ ಕೂತರು. ಅಳಿಯ ಹಾಡು ಹಾಕಿ, ಏನೂ ಅರಿಯದ ಹಸುಳೆಯ ಮುಖ ಮಾಡಿಕೊಂಡು ತನ್ನ ಜಾಗಕ್ಕೆ ಬಂದ.

ಧಂ, ಧಂ, ಧಂ, ಧಂ. ಮೊದಲು ಅಷ್ಟೇ. ಸ್ವಲ್ಪ ಹೊತ್ತಿಗೆ ಅದರ ಮೇಲೆ ಚಿಸ್ ಚಿಸ್ ಅಂತ ಒಂದು ಸದ್ದು ಬಂದು ಕೂತಿತು. ಆಮೇಲೆ ಕೆಳಗಿನಿಂದ ದಪ್ಪ ದನಿ ಒಂದು ಉರುಳತೊಡಗಿತು. ಆಮೇಲೆ ದೂರದಲ್ಲಿ ಯಾರೋ ಲೋಟಕ್ಕೆ ಚಮಚ ತಾಗಿಸಿದಂಥ ಸಣ್ಣ ಸ್ವರ.

ಸಾಮಾನ್ಯವಾಗಿ ಹಾಡು ಮುಗಿಯುವ ಹೊತ್ತು ದಾಟಿತು. ಅತ್ತೆ ಕುರ್ಚಿಯಲ್ಲಿ ಅಲುಗಾಡಿದರು. ಇನ್ನೂ ಸ್ವಲ್ಪ ದಾಟಿತು.

"ಅಳಿಯಂದ್ರೇ, ಇದು ಮುಗಿಯೋ ಲಕ್ಷಣ ಕಾಣ್ತಿಲ್ವಲ್ಲ?"

"ಮುಗಿಯುತ್ತೆ ಅತ್ತೆ. ಎಲ್ಲದಕ್ಕೂ ಒಂದು ಕೊನೆ ಅಂತ ಇರುತ್ತಲ್ಲ."

"ವೇದಾಂತ ಬೇಡ. ಇದು ನಿಮ್ಮ ಆ ಅಟ್ಟದ್ದು ತಾನೇ? ಎಷ್ಟು ಹೊತ್ತಿನದು?"

"ಒಂದು ಗಂಟೆ ಮೇಲೆ ಸ್ವಲ್ಪ."

ಟ್ರಾಲಿಯೊಳಗಿಂದ ಹಬೆಯಣ್ಣನ ತಲೆ ಮೇಲೆದ್ದಿತು. ಇಸ್ತ್ರಿ ಅಕ್ಕ ಚಾಚಿದ ಕಾಲನ್ನು ಇನ್ನೂ ಒಂದಷ್ಟು ಚಾಚಿದಳು. ಅತ್ತೆಯ ಮುಖ ಕೆಂಪಗಾಯಿತು.

"ನನಗೇ ಚಳ್ಳೆಹಣ್ಣು ತಿನ್ನಿಸೋಕೆ ಬರ್ತೀರಾ? ಇದು ಒಂದು ಹಾಡಲ್ಲ, ಹತ್ತು ಹಾಡಿನ ಕಿಚಡಿ! ಕಟ್ಟಳೆ ಇರೋದು ಒಂದು ಹಾಡಿಗೆ. ಮೊದಲನೇದು ಮುಗಿದ ಕೂಡಲೇ ಏಳಬೇಕು."

"ಖಂಡಿತ ಏಳೋಣ ಅತ್ತೆ. ಎಲ್ಲಿ ಮುಗೀತು ಅಂತ ನೀವು ತೋರಿಸಿ, ಅಲ್ಲಿಗೇ ಎದ್ದುಬಿಡೋಣ."

ಅಳಿಯ ಎಲ್ಲಿಗೆ ಗಾಳ ಹಾಕಿದ್ದಾನೆ ಎಂದು ಅತ್ತೆಗೆ ಗೊತ್ತಾಯಿತು, ಗೊತ್ತಾದರೂ ಕಚ್ಚದೆ ಇರಲಾಗಲಿಲ್ಲ. ಹರಿದ ಬೆಡ್‌ಶೀಟಿಗೆ ತೇಪೆ ಹಾಕುವುದರಲ್ಲಿ ಅವರದು ಎತ್ತಿದ ಕೈ. ಬೇರೆಯವರು ಹಾಕಿದ ತೇಪೆಯನ್ನು ಕಣ್ಣು ಮುಚ್ಚಿಕೊಂಡು ಅಂಗೈ ಆಡಿಸಿಯೇ ಹಿಡಿದುಬಿಡುತ್ತಿದ್ದರು. ಅಂಥವರಿಗೆ ಜೋಡಿಸಿದ ಜಾಗ ಸಿಗುವುದಿಲ್ಲ ಅಂದರೆ ಅದು ನೇರ ಮರ್ಯಾದೆಗೇ ಬಂದ ಮಾತು.

"ತೋರಿಸಿದ್ರೆ?" ಅಂದರು.

"ತೋರಿಸಿದ್ರೆ ಆಗಲೇ ಕೆಲಸ ಶುರು, ಅಟ್ಟಾನೂ ನಿಮ್ಮದು, ನಾನು ಉಸಿರೆತ್ತಲ್ಲ. ಕೊನೆವರೆಗೂ ಸಿಗದಿದ್ರೆ ಅಟ್ಟ ನನ್ನದು."

"ನಾನು ಸರಿಯಾಗಿ ತೋರಿಸಿದಾಗ ನೀವು ಅಲ್ಲ ಅಂದುಬಿಟ್ರೆ?"

"ಅಮ್ಮಾ," ಅಂದಳು ಮಗಳು ಬಾಗಿಲಿನಿಂದ, "ಅವರಿಗೆ ಸುಳ್ಳು ಹೇಳೋಕೆ ಬರಲ್ಲ. ಬಂದಿದ್ರೆ ನನಗೆ ಎಷ್ಟೋ ನೆಮ್ಮದಿ ಇರ್ತಿತ್ತು."

"ಅದೂ ಸರಿ. ಅಳಿಯಂದ್ರು ಸೋಮಾರಿಗಳಿರಬಹುದು, ಸುಳ್ಳುಗಾರರಲ್ಲ," ಎಂದು ಅತ್ತೆ ಒಪ್ಪಿದರು. ಮೂರು ಸಲ ಬೆರಳೆತ್ತಬಹುದು, ಮೂರರಲ್ಲಿ ಒಂದಾದರೂ ಸರಿಯಿರಬೇಕು ಎಂದು ಪಂದ್ಯ ಗೊತ್ತಾಯಿತು.

ಅಲ್ಲಿಂದಾಚೆ ಅತ್ತೆ ಕೂತ ಭಂಗಿಯನ್ನು ನೀವು ನೋಡಬೇಕಿತ್ತು. ಕತ್ತು ಮುಂದಕ್ಕೆ ಚಾಚಿ, ತೋರುಬೆರಳನ್ನು ಮೊಣಕಾಲಿನ ಮೇಲೆ ಸಜ್ಜಾಗಿಟ್ಟುಕೊಂಡು, ಇಲಿ ಬಿಲದ ಮುಂದೆ ಕೂತ ಬೆಕ್ಕಿನ ಹಾಗೆ ಕೂತರು. ಅಳಿಯನಿಗೆ ಒಳಗೊಳಗೇ ಕುಣಿಯುವಷ್ಟು ಖುಷಿ. ಎರಡು ನಿಮಿಷಕ್ಕೆ ಎದ್ದುಹೋದ ಹೆಂಗಸು ಈಗ ಒಂದೊಂದು ಧಂ ಕೂಡ ಬಿಡದೆ ಕೇಳುತ್ತಿದ್ದಾರೆ! ಪ್ರೀತಿಯಿಂದ ಕೇಳಲಿಲ್ಲ, ಹೋಗಲಿ. ಹಗೆಯಿಂದಲಾದರೂ ಕೇಳಲಿ.

ಮೊದಲನೇ ಹಾಡು ಕರಗಿ ಎರಡನೆಯದು ಬಂತು. ಅತ್ತೆಯ ಬೆರಳು ಅಲುಗಲಿಲ್ಲ. ಎರಡನೆಯದರ ನಡುವೆ ಹೆಣ್ಣಿನ ದನಿಯೊಂದು ತೇಲಿ ಬಂದಾಗ ಬೆರಳು ಚಂಗನೆ ಮೇಲೆದ್ದಿತು.

"ಇದೇ! ಇಷ್ಟು ಹೊತ್ತು ಇವಳಿರಲಿಲ್ಲ. ಹೊಸ ಹಾಡು!"

"ಅಲ್ಲ ಅತ್ತೆ. ಅವಳು ಈಗ ಬಾಯಿ ಬಿಟ್ಟಳು ಅಷ್ಟೇ. ಹಾಡು ಆಗಲೇ ಬಂದಿತ್ತು."

"ಹಾಗಾದ್ರೆ ಇಷ್ಟು ಹೊತ್ತು ಏನು ಮಾಡ್ತಿದ್ದಳು?" ಎಂದು ಅತ್ತೆ ಸಿಡುಕಿದರು. ಒಂದು ಹೋಯಿತು.

ಅತ್ತೆಯ ಮೇಜಿನ ಮೇಲಿದ್ದ ಫೋನು ಹೊಡೆದುಕೊಳ್ಳತೊಡಗಿತು. ಹೊಸ ಹೋಟೆಲಿನವರೇ ಇರಬೇಕು. ಮಗಳು ತಾಯಿಯ ಮುಖ ನೋಡಿದಳು. ತಾಯಿ ಕಣ್ಣಲ್ಲೇ ಗದರಿದರು. ಫೋನು ಹೊಡೆದುಕೊಂಡು ಸುಸ್ತಾಗಿ ಸುಮ್ಮನಾಯಿತು, ಮತ್ತೆ ಶುರುವಾಯಿತು. ಕೊನೆಗೆ ಮಗಳು ಎತ್ತಿಕೊಂಡು, "ಹಾಡು ನಡೀತಿದೆ, ಆಮೇಲೆ ಮಾಡಿ," ಎಂದು ಇಟ್ಟುಬಿಟ್ಟಳು. ಆ ಹೋಟೆಲಿನ ಮ್ಯಾನೇಜರು ಫೋನನ್ನು ಕಿವಿಯಿಂದ ತೆಗೆದು ಎಷ್ಟು ಹೊತ್ತು ದಿಟ್ಟಿಸಿದನೋ!

ಮೂರನೇ ಹಾಡಿನ ಹೊತ್ತಿಗೆ ರೂಮಿನ ರೂಪವೇ ಬದಲಾಗಿತ್ತು. ಇಸ್ತ್ರಿ ಅಕ್ಕನ ಕಾಲು ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು. ಮಡಿಸುವ ಹೆಂಗಸರ ತಲೆಗಳು ಒಟ್ಟಿಗೇ ಹಿಂದೆ ಮುಂದೆ ಆಡುತ್ತಿದ್ದವು. ಆಗ ಇದ್ದಕ್ಕಿದ್ದಂತೆ ಧಂ ಧಂ ನಿಂತುಹೋಯಿತು. ಬರೀ ಒಂದು ಸಣ್ಣ ಎಳೆ ಉಳಿಯಿತು. ಟ್ರಾಲಿಯಲ್ಲಿ ಕಣ್ಣು ಮುಚ್ಚಿ ಬಿದ್ದಿದ್ದ ಹಬೆಯಣ್ಣ "ಮುಗೀತಾ?" ಎಂದು ಗಾಬರಿಯಿಂದ ಎದ್ದ.

"ಮುಗೀತು!" ಅತ್ತೆ ಕುರ್ಚಿಯಿಂದಲೇ ಎದ್ದುಬಿಟ್ಟರು. "ಎಲ್ಲರೂ ಏಳಿ! ಎದ್ದು ಕೆಲಸ ನೋಡಿ!"

"ಉಸಿರು ತಗೋತಿದೆ ಅತ್ತೆ, ಅಷ್ಟೇ. ಕೂತ್ಕೊಳ್ಳಿ."

ಅವನ ಮಾತು ಮುಗಿಯುವುದಕ್ಕೂ ನಿಂತಿದ್ದ ತಾಳ ಗೋಡೆ ನಡುಗುವಂತೆ ವಾಪಸು ಬರುವುದಕ್ಕೂ ಸರಿಹೋಯಿತು. ಹೆಂಗಸರು ಕಿರುಚಿ ಚಪ್ಪಾಳೆ ತಟ್ಟಿದರು. ಹಬೆಯಣ್ಣ ಟ್ರಾಲಿಯಲ್ಲಿ ನಿಂತೇ ಸೊಂಟ ಕುಣಿಸಲು ಹೋಗಿ, ಟ್ರಾಲಿ ಉರುಳಿ, ಗೋಡೆಗೆ ಹೋಗಿ ಢಿಕ್ಕಿ ಹೊಡೆದ. ಎಲ್ಲರಿಗೂ ಹೊಟ್ಟೆ ಹುಣ್ಣಾಗುವಷ್ಟು ನಗು. ಅತ್ತೆಗೆ ನಗು ಬರಲಿಲ್ಲ. ಎರಡೂ ಹೋಗಿದ್ದವು, ಉಳಿದದ್ದು ಒಂದು.

ಅಳಿಯ ಗೆದ್ದಂತೆಯೇ ಅಂದುಕೊಳ್ಳುತ್ತೀರಿ. ಅವನೂ ಅಂದುಕೊಳ್ಳುತ್ತಿದ್ದ, ಒಂದು ವಿಷಯ ನೆನಪಿಗೆ ಬಾರದೆ ಹೋಗಿದ್ದರೆ. ನಾಲ್ಕನೇ ಹಾಡಿನಿಂದ ಐದನೆಯದಕ್ಕೆ ದಾಟುವ ಜಾಗ ಕೆಟ್ಟಿತ್ತು. ಅದನ್ನು ಜೋಡಿಸುತ್ತಿದ್ದ ದಿನ ವ್ಯಾನು ದಾರಿಯಲ್ಲಿ ನಿಂತಿದೆ ಎಂದು ಹೆಂಡತಿ ಕರೆದಿದ್ದಳು. ಅವಸರದಲ್ಲಿ ಹೇಗೋ ಕೂಡಿಸಿ ಓಡಿದ್ದ. ಎರಡು ತಾಳಗಳು ಅಲ್ಲಿ ಒಂದು ಕ್ಷಣ ಒಂದರ ಕಾಲನ್ನೊಂದು ತುಳಿಯುತ್ತವೆ. ಬೇರೆಯವರಿಗೆ ಕೇಳುತ್ತದೋ ಇಲ್ಲವೋ, ಅವನಿಗಂತೂ ಪ್ರತಿ ಸಲವೂ ಹಲ್ಲು ಜುಮ್ಮೆನ್ನುತ್ತಿತ್ತು. ನಾಳೆ ಸರಿಮಾಡಿದರಾಯಿತು ಎಂದು ಮುಂದೂಡಿದ್ದೇ ಬಂತು.

ನಾಲ್ಕನೇ ಹಾಡು ಶುರುವಾಯಿತು. ಮುಖದಲ್ಲಿ ಏನೂ ತೋರಬಾರದು ಎಂದು ಅಳಿಯ ಕಿಟಕಿ ನೋಡಿದ, ಚಾವಣಿ ನೋಡಿದ, ತನ್ನ ಚಪ್ಪಲಿ ನೋಡಿದ. ಆ ಕೆಟ್ಟ ಜಾಗ ಇನ್ನೇನು ಬಂತು ಅನ್ನುವಾಗ ಕೈ ತಾನಾಗಿಯೇ ಪಕ್ಕದಲ್ಲಿದ್ದ ಟವೆಲನ್ನು ಹಿಡಿದು ಹಿಂಡಿತು. ತಾಳಗಳು ಕಾಲು ತುಳಿದವು. ಅವನು ಕಣ್ಣು ಮುಚ್ಚಿದ.

ತೆರೆದಾಗ ಎದುರಿಗೆ ಅತ್ತೆಯ ಬೆರಳಿತ್ತು.

"ಇದು."

ಅಳಿಯ ಕಿವಿಯವರೆಗೂ ಕೆಂಪಾದ. ಅಷ್ಟು ಸಾಕಾಗಿತ್ತು.

"ಕೇಳಿಸ್ತಾ ನಿಮಗೆ?" ಎಂದ, ಕ್ಷೀಣ ದನಿಯಲ್ಲಿ. ಸೋತ ದುಃಖದ ನಡುವೆಯೂ ಅವನಿಗೆ ಒಂದು ಆಸೆ ಇತ್ತು.

"ಕೇಳೋದೇನು ಬಂತು ನಿಮ್ಮ ತಲೆ! ಎರಡು ಸಲ ಸೋತ ಮೇಲೆ ಕೇಳೋದನ್ನೇ ಬಿಟ್ಟೆ, ನಿಮ್ಮ ಮುಖ ನೋಡ್ತಾ ಕೂತೆ. ಕಲೆ ಎಲ್ಲಿದೆ ಅಂತ ಬಟ್ಟೇಲಿ ಕಾಣದಿದ್ರೆ ಬಟ್ಟೆ ತಂದವನ ಮುಖ ನೋಡಬೇಕು ಅಳಿಯಂದ್ರೇ. ಇಷ್ಟು ವರ್ಷ ಇಲ್ಲಿ ಕೂತು ನಾನೇನು ಕಡಲೆಕಾಯಿ ತಿಂತಿದ್ದೆನಾ?"

ರೂಮೆಲ್ಲ ಗೊಳ್ಳೆಂದಿತು. ಅಳಿಯನೂ ನಕ್ಕ, ನಗದೆ ಇದ್ದರೆ ಚೆನ್ನಾಗಿರುವುದಿಲ್ಲ ಎಂದು. ನಿಜ ಹೇಳಬೇಕೆಂದರೆ ಅವನಿಗೆ ಅಳು ಬರುವಂತಾಗಿತ್ತು. ಅಟ್ಟ ಹೋದದ್ದಕ್ಕೆ ಒಂದು ಪಾಲು. ಕೊನೆಗೂ ಒಬ್ಬರು ಕೂತು ಕೇಳುತ್ತಿದ್ದಾರೆ ಎಂದು ಉಬ್ಬಿದ್ದನಲ್ಲ, ಅವರು ಕೇಳುತ್ತಲೇ ಇರಲಿಲ್ಲ. ಅದಕ್ಕೆ ಉಳಿದ ಪಾಲು.

"ಸರಿ, ಆಯ್ತಲ್ಲ. ಅದನ್ನ ನಿಲ್ಲಿಸಿ, ಎಲ್ಲರೂ ಏಳಿ," ಎಂದರು ಅತ್ತೆ.

ಯಾರೂ ಏಳಲಿಲ್ಲ. ಇಸ್ತ್ರಿ ಅಕ್ಕ ಚಾಚಿದ ಕಾಲನ್ನು ಮಡಚದೆಯೇ ಹೇಳಿದಳು:

"ಅದು ಹೇಗಾಗುತ್ತೆ ಅಮ್ಮಾವ್ರೇ? ಹೊಸ ಹಾಡು ಶುರುವಾಯ್ತು ಅಂತ ನೀವೇ ಬೆರಳು ಮಾಡಿ ತೋರಿಸಿದ್ರಲ್ಲ. ಶುರುವಾದ ಹಾಡನ್ನ ಮಧ್ಯದಲ್ಲಿ ನಿಲ್ಲಿಸೋ ಹಾಗಿಲ್ಲ. ನಿಮ್ಮದೇ ಕಟ್ಟಳೆ."

ಅತ್ತೆ ಅಳಿಯನ ಕಡೆ ತಿರುಗಿದರು, ಅಳಿಯ ಚಪ್ಪಲಿ ನೋಡುತ್ತಿದ್ದ. ಮಗಳ ಕಡೆ ತಿರುಗಿದರು, ಮಗಳು ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಹಬೆಯಣ್ಣ ಟ್ರಾಲಿಯೊಳಗೆ ತಲೆ ಅಡಗಿಸಿಕೊಂಡ. ಐದನೇ ಹಾಡು ಯಾರ ಹಂಗೂ ಇಲ್ಲದೆ ಮೇಲೇರುತ್ತಿತ್ತು. ಅತ್ತೆ ದೊಪ್ಪನೆ ಕುರ್ಚಿಯಲ್ಲಿ ಕೂತರು.

"ಇದು ಮುಗಿದ ಕೂಡಲೇ ಏಳಬೇಕು, ನೋಡ್ಕೊಳ್ಳಿ."

"ಖಂಡಿತ ಅಮ್ಮಾವ್ರೇ. ಎಲ್ಲಿ ಮುಗೀತು ಅಂತ ಹೇಳಿ, ಎದ್ದೇಬಿಡ್ತೀವಿ."

ಆಲ್ಬಮ್ಮು ಕೊನೆಯವರೆಗೂ ನಡೆಯಿತು. ಮತ್ತೆ ಬೆರಳೇಳಲಿಲ್ಲ. ಎಲ್ಲ ಸದ್ದೂ ಒಂದೊಂದಾಗಿ ಇಳಿದುಹೋಯಿತು. ಆಮೇಲೆ ರೋಲರು ತಿರುಗಿತು, ಹಬೆ ಬುಸುಗುಟ್ಟಿತು. ಆ ದಿನದ ಬೆಡ್‌ಶೀಟುಗಳು ಹೋಟೆಲಿಗೆ ತಡವಾಗಿ ಹೋದವು, ಮ್ಯಾನೇಜರು ಅತ್ತೆಗೆ ಎರಡು ಮಾತು ಅಂದ, ಅತ್ತೆ ಅವನಿಗೆ ನಾಲ್ಕು ಅಂದರು.

ಸಂಜೆ ಎಲ್ಲರೂ ಮನೆಗೆ ಹೊರಟ ಮೇಲೆ ಅಳಿಯ ಏಣಿ ಹತ್ತಿದ. ಮಾತು ಮಾತೇ. ಒಂದು ಡೆಕ್ಕಿನ ವಯರು ಬಿಚ್ಚಿ ಸುತ್ತಿಟ್ಟ. ಇನ್ನೊಂದಕ್ಕೆ ಕೈ ಹಾಕಲು ಮನಸ್ಸು ಬಾರದೆ ಸುಮ್ಮನೆ ನಿಂತಿದ್ದ. ಆಗ ಏಣಿ ಕಿರುಗುಟ್ಟಿತು. ಮೊದಲು ಅತ್ತೆಯ ಕೈ, ಆಮೇಲೆ ತಲೆ, ಆಮೇಲೆ ಏದುಸಿರು. ಅವರು ಆ ಅಟ್ಟಕ್ಕೆ ಬಂದದ್ದು ಅದೇ ಮೊದಲು. ಸುತ್ತ ಕಣ್ಣಾಡಿಸಿದರು, ಎಷ್ಟು ಕಟ್ಟು ಹಿಡಿಯಬಹುದು ಎಂದು ಲೆಕ್ಕ ಹಾಕುವವರಂತೆ.

"ಬಿಚ್ತಾ ಇದ್ದೀನಿ ಅತ್ತೆ," ಎಂದ ಅಳಿಯ.

"ಬಿಚ್ಚುವಿರಂತೆ, ಅವಸರ ಏನು?" ಎಂದು ಅತ್ತೆ ಒಂದು ಡಬ್ಬಿಯ ಮೇಲೆ ಕೂತರು. ಮೊಣಕಾಲು ನೀವಿಕೊಂಡರು. ಕೆಮ್ಮಿದರು. ಅಳಿಯನ ಮುಖ ಬಿಟ್ಟು ಬೇರೆಲ್ಲವನ್ನೂ ನೋಡಿದರು. "ನಾನು ಕೊನೇ ಸಲ ಬೆರಳು ತೋರಿಸಿದ ಜಾಗಕ್ಕಿಂತ ಸ್ವಲ್ಪ ಮುಂಚೆ," ಅಂದರು, "ಎಲ್ಲಾ ಗಲಾಟೆ ಇಳಿದ ಮೇಲೆ, ತಳದಲ್ಲಿ ಎಲ್ಲೋ ಒಂದು ಸಣ್ಣ ಸ್ವರ ಬಂತಲ್ಲ. ಲೋಟಕ್ಕೆ ಚಮಚ ತಾಗಿದ ಹಾಗೆ. ಅದು ಮೊಟ್ಟಮೊದಲು ಬಂದಿದ್ದೇ ಅಲ್ವಾ? ಅದನ್ನ ಅಲ್ಲಿ ಮತ್ತೆ ತಂದು ಬಚ್ಚಿಟ್ಟಿದ್ದೀರಿ."

ಅಳಿಯ ಸರ್ರನೆ ಅತ್ತೆಯ ಕಡೆ ತಿರುಗಿದ. ಆ ಒಂದು ಸ್ವರವನ್ನು ಅಲ್ಲಿ ಕೂರಿಸಲು ಅವನು ಪಟ್ಟ ಪಾಡು ಅಷ್ಟಿಷ್ಟಲ್ಲ. ಹೆಂಡತಿಗೆ ಗೊತ್ತಾಗಿರಲಿಲ್ಲ. ಗೆಳೆಯರಿಗೆ ಗೊತ್ತಾಗಿರಲಿಲ್ಲ. ಯಾರಿಗೂ ಗೊತ್ತಾಗುವುದಿಲ್ಲ ಎಂದು ಅವನೂ ಆಸೆ ಬಿಟ್ಟಿದ್ದ. ಮೊದಲಿನಿಂದ ಒಂದು ಚೂರೂ ಬಿಡದೆ ಕೇಳಿದವರಿಗೆ ಮಾತ್ರ ಅದು ಸಿಗುತ್ತಿತ್ತು.

"ಮುಖ ನೋಡ್ತಿದ್ದೆ ಅಂದ್ರಲ್ಲ ಅತ್ತೆ?"

"ಮುಖ ನೋಡೋಕೆ ಕಣ್ಣು. ಕಿವಿ ಸುಮ್ಮನೆ ಕೂತಿರುತ್ತಾ?" ಎಂದು ಅತ್ತೆ ರೇಗಿದರು. "ಅಟ್ಟ ನನ್ನದೇ, ಅದರಲ್ಲಿ ಮಾತಿಲ್ಲ. ಈ ಮೇಜು ಕೆಳಗೆ ಇಸ್ತ್ರಿ ರೂಮಿನ ಮೂಲೆಗೆ ಬರಲಿ, ಇಲ್ಲದಿದ್ರೆ ಆ ಇಸ್ತ್ರಿಯವಳು ನನ್ನ ತಲೆ ತಿಂತಾಳೆ. ಅದಿರಲಿ. ಆ ಜಾಗ ಒಂದನ್ನ ಇನ್ನೊಂದು ಸಲ ಹಾಕಿ ನೋಡೋಣ. ಅಷ್ಟೇ, ಅದೊಂದೇ."

ಬೇಕಾದ ಜಾಗಕ್ಕೆ ನೇರವಾಗಿ ಹೋಗಲು ಒಂದು ಗುಂಡಿ ಒತ್ತಿದರೆ ಸಾಕಿತ್ತು. ಅಳಿಯ ಬಿಚ್ಚಿದ ವಯರನ್ನು ಮತ್ತೆ ಸಿಕ್ಕಿಸಿದ, ಹೆಡ್‌ಫೋನಿನ ಧೂಳು ಒರೆಸಿ ಅತ್ತೆಯ ಕಿವಿಗೆ ತಾನೇ ಇಟ್ಟ, ಆಮೇಲೆ ಜೀವನದಲ್ಲಿ ಮೊದಲ ಸಲ ಮುಖ ಕೆಂಪಾಗದಂತೆ ಒಂದು ಸುಳ್ಳು ಹೇಳಿದ.

"ಮಧ್ಯದಿಂದ ಹಾಕೋಕೆ ಬರಲ್ಲ ಅತ್ತೆ. ಮೊದಲಿಂದಾನೇ ಕೇಳಬೇಕು."